ಬುಟ್ಟಿ ಕಾಣದಿದ್ದರೂ ಕಸ ಅಲ್ಲೇ ಇರುತ್ತದೆ

ಸ್ಕಾಲರ್‌ಶಿಪ್ ಅರ್ಜಿ ಹಾಕುವ ದಿನಗಳಲ್ಲಿ ನಾವು ಆಧಾರ್, ಆದಾಯ ಪ್ರಮಾಣಪತ್ರ, ಬ್ಯಾಂಕ್ ಪಾಸ್‌ಬುಕ್ ಎಲ್ಲವನ್ನೂ ಸ್ಕ್ಯಾನ್ ಮಾಡಿಸುತ್ತೇವೆ. ಸಂಡೂರು, ಕಂಪ್ಲಿ, ಹಂಪಿ ಕಡೆಯಿಂದ ಹೊಸಪೇಟೆಗೆ ಬಸ್ಸಿನಲ್ಲಿ ಬರುವ ಅನೇಕರ ಮನೆಯಲ್ಲಿ ಕಂಪ್ಯೂಟರ್ ಇರುವುದಿಲ್ಲ. ಹತ್ತು ಜನ ಬಳಸುವ ಕಂಪ್ಯೂಟರಿನಲ್ಲೇ ಕೆಲಸ ಮುಗಿಸಿ, ಫೈಲ್ ಡಿಲೀಟ್ ಮಾಡಿ ಎದ್ದು ಹೋಗುತ್ತೇವೆ. ಅದು ಲಿನಕ್ಸ್ ಕಂಪ್ಯೂಟರ್ ಆಗಿದ್ದು, ಕೆಳಗಿನ ಪಟ್ಟಿಯಲ್ಲಿ ಕಸದ ಬುಟ್ಟಿಯ ಚಿತ್ರ ಇಲ್ಲದಿದ್ದರೆ, ಫೈಲ್ ಪೂರ್ತಿ ಅಳಿಸಿಹೋಯಿತು ಎಂದುಕೊಳ್ಳುವುದು ಸಹಜ. ಆದರೆ ಅದು ಅಳಿಸಿರುವುದಿಲ್ಲ.

ಲಿನಕ್ಸ್‌ಗೆ ಲೈಸೆನ್ಸ್ ಹಣ ಬೇಡ, ಹಳೆಯ ಕಂಪ್ಯೂಟರಿನಲ್ಲೂ ಓಡುತ್ತದೆ. ಕೇರಳದ ಸರ್ಕಾರಿ ಶಾಲೆಗಳು, ಕಾಸರಗೋಡಿನ ಕನ್ನಡ ಮಾಧ್ಯಮದ ಶಾಲೆಗಳೂ ಸೇರಿದಂತೆ, ಇದನ್ನೇ ಬಳಸುತ್ತವೆ. ಆದ್ದರಿಂದ ಇದು ನಮಗೆಲ್ಲ ಒಂದಲ್ಲ ಒಂದು ದಿನ ಎದುರಾಗುತ್ತದೆ.

ಡಿಲೀಟ್ ಮಾಡಿದ್ದು ಎಲ್ಲಿ ಹೋಗುತ್ತದೆ?

ನಮ್ಮಂಥ ಉರ್ದು ಮನೆಗಳಲ್ಲೂ ಕನ್ನಡ ಮನೆಗಳಲ್ಲೂ ‘ರದ್ದಿ’ ಎಂಬ ಮಾತು ಇದೆ. ಹಳೆಯ ಪೇಪರ್ ರದ್ದಿ ಚೀಲಕ್ಕೆ ಬಿತ್ತೆಂದರೆ ಮನೆಯಿಂದ ಹೋಯಿತು ಎಂದಲ್ಲ. ರದ್ದಿಯವನು ಬಂದು ತೂಕ ಮಾಡಿ ಒಯ್ಯುವವರೆಗೆ ಅಮ್ಮಿ ಅದರೊಳಗೆ ಕೈ ಹಾಕಿ ಹಳೆಯ ಕರೆಂಟ್ ಬಿಲ್ ಹುಡುಕಿ ತೆಗೆಯಬಹುದು. ಬೇರೆಯವರೂ ತೆಗೆದು ಓದಬಹುದು.

ಲಿನಕ್ಸ್‌ನಲ್ಲೂ ಹೀಗೆಯೇ. ಡಿಲೀಟ್ ಮಾಡಿದ ಫೈಲ್ ‘ಟ್ರ್ಯಾಶ್’ ಎಂಬ ಫೋಲ್ಡರಿಗೆ ಹೋಗುತ್ತದೆ. ಅದರ ಜೊತೆಗೆ ಒಂದು ಚಿಕ್ಕ ಚೀಟಿಯೂ ತಯಾರಾಗುತ್ತದೆ. ಫೈಲ್ ಮೊದಲು ಎಲ್ಲಿತ್ತು, ಯಾವ ದಿನ ಎಷ್ಟು ಗಂಟೆಗೆ ಡಿಲೀಟ್ ಆಯಿತು ಎಂದು ಅದರಲ್ಲಿ ಬರೆದಿರುತ್ತದೆ. ಕಾಮರ್ಸ್‌ನವರು ಇದನ್ನು ವೋಚರ್ ಎಂದು ತಿಳಿಯಬಹುದು. ‘ರಿಸ್ಟೋರ್’ ಒತ್ತಿದಾಗ ಕಂಪ್ಯೂಟರ್ ಈ ಚೀಟಿ ನೋಡಿಯೇ ಫೈಲನ್ನು ಹಳೆಯ ಜಾಗಕ್ಕೆ ಮರಳಿಸುತ್ತದೆ.

ಪಟ್ಟಿಯಲ್ಲಿರುವ ಚಿತ್ರ ಈ ಫೋಲ್ಡರಿನ ಬಾಗಿಲು ಮಾತ್ರ. ಯಾರೋ ರೈಟ್ ಕ್ಲಿಕ್ ಮಾಡುವಾಗ ‘ರಿಮೂವ್’ ಒತ್ತಿದರೆ ಬಾಗಿಲು ಹೋಗುತ್ತದೆ, ಒಳಗಿನ ಫೈಲ್‌ಗಳಿಗೆ ಏನೂ ಆಗುವುದಿಲ್ಲ.

ಬಾಗಿಲು ಮರಳಿ ತರುವುದು

ಲಿನಕ್ಸ್‌ನಲ್ಲಿ ಡೆಸ್ಕ್‌ಟಾಪ್‌ಗಳು ಹಲವು. ನಿಮ್ಮದು ಯಾವುದೆಂದು ನೋಡಿಕೊಂಡು ಹೀಗೆ ಮಾಡಿ:

1. ಎಕ್ಸ್‌ಎಫ್‌ಸಿಇ: ಪಟ್ಟಿಯ ಮೇಲೆ ರೈಟ್ ಕ್ಲಿಕ್ ಮಾಡಿ ‘ಪ್ಯಾನೆಲ್’, ನಂತರ ‘ಆ್ಯಡ್ ನ್ಯೂ ಐಟಮ್ಸ್’ ತೆರೆಯಿರಿ. ‘ಟ್ರ್ಯಾಶ್ ಆ್ಯಪ್ಲೆಟ್’ ಆರಿಸಿ ‘ಆ್ಯಡ್’ ಒತ್ತಿ.

2. ಮಾಟೆ: ಪಟ್ಟಿಯ ಖಾಲಿ ಜಾಗದಲ್ಲಿ ರೈಟ್ ಕ್ಲಿಕ್, ‘ಆ್ಯಡ್ ಟು ಪ್ಯಾನೆಲ್’, ‘ಟ್ರ್ಯಾಶ್’.

3. ಲಿನಕ್ಸ್ ಮಿಂಟ್‌ನ ಸಿನಮನ್: ಪಟ್ಟಿಯ ಮೇಲೆ ರೈಟ್ ಕ್ಲಿಕ್, ‘ಆ್ಯಪ್ಲೆಟ್ಸ್’. ಅಲ್ಲಿ ‘ಟ್ರ್ಯಾಶ್’ ಹುಡುಕಿ ಸೇರಿಸಿ.

4. ಉಬುಂಟು 22.04: ‘ಸೆಟ್ಟಿಂಗ್ಸ್’, ‘ಅಪಿಯರೆನ್ಸ್’, ಆಮೇಲೆ ಡಾಕ್‌ನ ‘ಕಾನ್ಫಿಗರ್ ಡಾಕ್ ಬಿಹೇವಿಯರ್’. ‘ಶೋ ಟ್ರ್ಯಾಶ್’ ಆನ್ ಮಾಡಿ. ಇದಕ್ಕಿಂತ ಹೊಸ ಉಬುಂಟುವಿನಲ್ಲಿ ‘ಅಪಿಯರೆನ್ಸ್’ ಬದಲು ‘ಉಬುಂಟು ಡೆಸ್ಕ್‌ಟಾಪ್’ ಎಂದಿರುತ್ತದೆ.

ಇದ್ಯಾವುದೂ ಆಗದಿದ್ದರೆ ಫೈಲ್ ಮ್ಯಾನೇಜರ್ ತೆರೆಯಿರಿ. ಎಡಬದಿಯ ಸಾಲಿನಲ್ಲಿ ‘ಟ್ರ್ಯಾಶ್’ ಸಾಮಾನ್ಯವಾಗಿ ಇದ್ದೇ ಇರುತ್ತದೆ.

ಪೆನ್‌ಡ್ರೈವ್ ಯಾಕೆ ತುಂಬಿದೆ?

ಪೆನ್‌ಡ್ರೈವ್‌ನಲ್ಲಿ ಇದ್ದ ಫೈಲನ್ನು ಡಿಲೀಟ್ ಮಾಡಿದರೆ ಅದು ಕಂಪ್ಯೂಟರಿನ ಬುಟ್ಟಿಗೆ ಹೋಗುವುದಿಲ್ಲ. ಪೆನ್‌ಡ್ರೈವ್‌ನಲ್ಲೇ ಒಂದು ಗುಪ್ತ ಫೋಲ್ಡರ್ ಹುಟ್ಟಿ, ಅದರಲ್ಲಿ ಉಳಿಯುತ್ತದೆ. ಫೋಲ್ಡರ್ ಖಾಲಿ ಕಂಡರೂ ‘ಜಾಗ ಇಲ್ಲ’ ಎಂದು ಬರಲು ಇದು ಒಂದು ಕಾರಣ. ಫೈಲ್ ಮ್ಯಾನೇಜರ್‌ನಲ್ಲಿ ಕಂಟ್ರೋಲ್ ಮತ್ತು ಎಚ್ ಒತ್ತಿದರೆ ಆ ಫೋಲ್ಡರ್ ಕಾಣುತ್ತದೆ. ಪೆನ್‌ಡ್ರೈವ್ ಇನ್ನೊಬ್ಬರಿಗೆ ಕೊಡುವ ಮೊದಲು ಇದನ್ನು ನೋಡುವುದು ಒಳ್ಳೆಯದು, ಏಕೆಂದರೆ ನಿಮ್ಮ ಆಧಾರ್ ಪ್ರತಿ ಅದರ ಜೊತೆ ಹೋಗಬಹುದು.

ಎದ್ದು ಹೋಗುವ ಮುನ್ನ

ಟ್ರ್ಯಾಶ್ ತೆರೆದು ನಿಮ್ಮ ಫೈಲ್‌ಗಳನ್ನು ಮಾತ್ರ ಆರಿಸಿ, ಡಿಲೀಟ್ ಕೀ ಒತ್ತಿ. ‘ಎಂಪ್ಟಿ ಟ್ರ್ಯಾಶ್’ ಒತ್ತಬೇಡಿ. ಎಲ್ಲರೂ ಒಂದೇ ಲಾಗಿನ್ ಬಳಸುವ ಕಡೆ ಆ ಬುಟ್ಟಿಯಲ್ಲಿ ಇನ್ನೊಬ್ಬರ ಪ್ರಾಜೆಕ್ಟ್ ಇರಬಹುದು, ಅವರು ನಾಳೆ ಅದನ್ನು ಹುಡುಕಿಕೊಂಡು ಬರಬಹುದು. ಶಿಫ್ಟ್ ಹಿಡಿದು ಡಿಲೀಟ್ ಒತ್ತಿದರೆ ಫೈಲ್ ಬುಟ್ಟಿಗೆ ಬರದೆ ನೇರವಾಗಿ ಹೋಗುತ್ತದೆ, ರಿಸ್ಟೋರ್ ಮಾಡಲು ಬರುವುದಿಲ್ಲ. ಆದ್ದರಿಂದ ಅದನ್ನು ಯೋಚಿಸಿ ಬಳಸಿ.

ನಿಮ್ಮ ಕಂಪ್ಯೂಟರಿನ ಪಟ್ಟಿಯಲ್ಲಿ ಬುಟ್ಟಿ ಇಲ್ಲದಿದ್ದರೆ ಮೇಲಿನ ಕ್ರಮದಲ್ಲಿ ತಂದಿಡಿ. ಎರಡು ನಿಮಿಷದ ಕೆಲಸ. ನಿಮ್ಮ ನಂತರ ಅಲ್ಲಿ ಕುಳಿತುಕೊಳ್ಳುವವರಿಗೆ ತಮ್ಮ ಕಾಗದಪತ್ರ ಎಲ್ಲಿದೆ ಎಂಬುದಾದರೂ ಕಾಣುತ್ತದೆ.