ಆಯುಸ್ಸಿನಲ್ಲೂ ಮೇಲು ಕೀಳು

ಸಾವಿಗೆ ಬಡವ, ಬಲ್ಲಿದ ಎಂಬ ಭೇದವಿಲ್ಲ ಎಂದು ಹಿರಿಯರು ಹೇಳುವುದುಂಟು. ಸಾವು ಎಲ್ಲರಿಗೂ ಬರುತ್ತದೆ ಎಂಬುದೇನೋ ನಿಜ. ಆದರೆ ಅಂಕಿಅಂಶಗಳನ್ನು ನೋಡಿದರೆ ಬಡವರ ಮನೆಗೆ ಅದು ಬೇಗ ಬರುತ್ತದೆ. ಹೀಗೇಕೆ? ಈ ಪ್ರಶ್ನೆಯ ಬೆನ್ನುಹತ್ತಿದವರಲ್ಲಿ ಅರ್ಥಶಾಸ್ತ್ರಜ್ಞ ಆಂಗಸ್ ಡೀಟನ್ ಪ್ರಮುಖರು.

ಡೀಟನ್ ಹುಟ್ಟಿದ್ದು 1945ರಲ್ಲಿ, ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ. ತಂದೆ ಇಂಗ್ಲೆಂಡಿನ ಕಲ್ಲಿದ್ದಲು ಗಣಿಯ ಹಳ್ಳಿಯೊಂದರಿಂದ ಬಂದವರು. ವಿದ್ಯಾರ್ಥಿವೇತನದ ನೆರವಿನಿಂದ ಓದಿದ ಮಗ ಕೇಂಬ್ರಿಜ್ ಸೇರಿದರು. 1983ರಲ್ಲಿ ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯಕ್ಕೆ ಹೋದರು. ಜನ ಏನು ಉಣ್ಣುತ್ತಾರೆ, ಯಾವುದಕ್ಕೆ ಖರ್ಚು ಮಾಡುತ್ತಾರೆ ಎಂಬುದನ್ನು ಮನೆ ಮನೆಯ ಸಮೀಕ್ಷೆಗಳಿಂದ ತಿಳಿದು ಬಡತನವನ್ನು ಅಳೆಯುವುದು ಅವರ ಕ್ರಮ. ಈ ಕೆಲಸಕ್ಕೆ 2015ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿ ಬಂತು.

ಹಣವೊಂದೇ ಸಾಲದು

ಹಣವಿದ್ದರೆ ಆರೋಗ್ಯ ತಾನಾಗಿ ಬರುತ್ತದೆಯೇ? 2013ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಡೀಟನ್ ಇಂಗ್ಲೆಂಡಿನ ಉದಾಹರಣೆ ಕೊಡುತ್ತಾರೆ. ಸುಮಾರು 1750ರವರೆಗೆ ಅಲ್ಲಿನ ಶ್ರೀಮಂತ ಮನೆತನದವರು ಸಾಮಾನ್ಯ ಜನರಿಗಿಂತ ಹೆಚ್ಚು ಕಾಲ ಬದುಕುತ್ತಿರಲಿಲ್ಲ. ಹೊಟ್ಟೆ ತುಂಬ ಊಟವಿದ್ದರೂ ರೋಗ ತಡೆಯುವ ತಿಳಿವಳಿಕೆ ಯಾರಿಗೂ ಇರಲಿಲ್ಲ. ಸಿಡುಬಿಗೆ ಚುಚ್ಚಿಸಿಕೊಳ್ಳುವಂತಹ ಉಪಾಯಗಳು ಬಂದಾಗ ಅವು ಮೊದಲು ದಕ್ಕಿದ್ದು ಉಳ್ಳವರಿಗೆ. ಅಂತರ ಬೆಳೆದದ್ದು ಆಮೇಲೆ.

ತಂಬಾಕಿನ ಕಥೆಯೂ ಹೀಗೆಯೇ. ಸಿಗರೇಟಿನಿಂದ ಶ್ವಾಸಕೋಶದ ಕ್ಯಾನ್ಸರ್ ಬರುತ್ತದೆಂದು ಅಮೆರಿಕ ಸರ್ಕಾರದ ವೈದ್ಯಾಧಿಕಾರಿ 1964ರಲ್ಲಿ ವರದಿ ನೀಡಿದ ಮೇಲೆ ಚಟ ಬಿಟ್ಟವರಲ್ಲಿ ಓದಿದವರೇ ಮುಂದು. ಅಂದರೆ ಹೊಸ ತಿಳಿವಳಿಕೆ ಮೊದಲು ಮುಂದಿರುವವರ ಕೈಸೇರುತ್ತದೆ. ಹಿಂದಿನವರಿಗೂ ಅದು ತಲಪುವ ದಾರಿ ತೆರೆದಿದೆಯೇ ಎಂಬುದೇ ಮುಖ್ಯ ಪ್ರಶ್ನೆ.

ನಮ್ಮ ದೇಶದಲ್ಲಿ

ಆ ದಾರಿ ಹೇಗೆ ಮುಚ್ಚಿಹೋಗುತ್ತದೆ ಎಂಬುದಕ್ಕೆ ರಾಜಸ್ಥಾನದ ಉದಯಪುರ ಜಿಲ್ಲೆಯೇ ಸಾಕ್ಷಿ. ಅಭಿಜಿತ್ ಬ್ಯಾನರ್ಜಿ ಮತ್ತು ಎಸ್ತರ್ ಡುಫ್ಲೊ ಅವರೊಂದಿಗೆ ಡೀಟನ್ ಅಲ್ಲಿ ನಡೆಸಿದ ಅಧ್ಯಯನ 2004ರಲ್ಲಿ ಪ್ರಕಟವಾಯಿತು. ಆರೋಗ್ಯ ಉಪಕೇಂದ್ರಗಳ ಸಿಬ್ಬಂದಿಯಲ್ಲಿ ಶೇ 45ರಷ್ಟು ಮಂದಿ ಗೈರುಹಾಜರು! ಬೀಗ ಹಾಕಿದ ಬಾಗಿಲು ನೋಡಿ ಬೇಸತ್ತ ಜನ ದುಡ್ಡು ಕೊಟ್ಟು ಖಾಸಗಿಯವರ ಬಳಿ ಹೋಗುತ್ತಿದ್ದರು. ಇವರಲ್ಲಿ ಅನೇಕರಿಗೆ ವೈದ್ಯ ಪದವಿಯೇ ಇರಲಿಲ್ಲ. ಮೂರು ಭೇಟಿಗಳಲ್ಲಿ ಎರಡಕ್ಕೆ ಇಂಜೆಕ್ಷನ್ ಮಾತ್ರ ತಪ್ಪುತ್ತಿರಲಿಲ್ಲ.

ಅಸಮಾನತೆ ಮನೆಯೊಳಗೂ ಇರಬಹುದು. ದೇಹದ ಎತ್ತರ ಬಾಲ್ಯದ ಆಹಾರ ಹಾಗೂ ಕಾಯಿಲೆಗಳ ಗುರುತು. ಭಾರತೀಯರ ಎತ್ತರ ತಲೆಮಾರಿನಿಂದ ತಲೆಮಾರಿಗೆ ಹೆಚ್ಚುತ್ತಿದ್ದರೂ ಹೆಂಗಸರಲ್ಲಿ ಈ ಏರಿಕೆ ಗಂಡಸರಿಗಿಂತ ಬಹಳ ನಿಧಾನ ಎಂದು ಡೀಟನ್ 2008ರಲ್ಲಿ ತೋರಿಸಿದರು.

ಸಿರಿವಂತ ನಾಡಿನಲ್ಲೂ

ಇದು ಬಡ ದೇಶಗಳ ಪಾಡು ಮಾತ್ರ ಎನ್ನುವಂತಿಲ್ಲ. ಡೀಟನ್ ಮತ್ತು ಅವರ ಪತ್ನಿ, ಅರ್ಥಶಾಸ್ತ್ರಜ್ಞೆ ಆ್ಯನ್ ಕೇಸ್ 2015ರಲ್ಲಿ ಅಮೆರಿಕವನ್ನೇ ಬೆಚ್ಚಿಬೀಳಿಸಿದರು. 45ರಿಂದ 54 ವಯಸ್ಸಿನ ಬಿಳಿಯರಲ್ಲಿ ಮರಣ ಪ್ರಮಾಣ 1999ರಿಂದ 2013ರವರೆಗೆ ಇಳಿಯುವ ಬದಲು ಏರಿತ್ತು. ಮಾದಕ ವಸ್ತುಗಳ ಅತಿ ಸೇವನೆ, ಕುಡಿತದಿಂದ ಬರುವ ಯಕೃತ್ತಿನ ರೋಗ ಹಾಗೂ ಆತ್ಮಹತ್ಯೆ ಇದಕ್ಕೆ ಮುಖ್ಯ ಕಾರಣಗಳು. ಬಲಿಯಾದವರಲ್ಲಿ ಕಡಿಮೆ ಓದಿದವರೇ ಹೆಚ್ಚು. ಒಳ್ಳೆಯ ಕೆಲಸ ಕೈತಪ್ಪಿ, ಸಂಸಾರ ಸಡಿಲಗೊಂಡು ಬಾಳಿನ ಆಸರೆ ಕಳೆದುಕೊಂಡವರ ಇಂತಹ ಸಾವುಗಳನ್ನು ಅವರು ‘ಹತಾಶೆಯ ಸಾವುಗಳು’ ಎಂದು ಕರೆದರು.

ನಾವೇನು ಮಾಡಬಹುದು?

ಆರೋಗ್ಯ ಬರೀ ಔಷಧಿಯ ಮಾತಲ್ಲ. ಶಾಲೆ, ಉದ್ಯೋಗ, ಶುದ್ಧ ನೀರು, ಬಾಗಿಲು ತೆರೆದ ಆಸ್ಪತ್ರೆ ಇವೆಲ್ಲ ಸೇರಿದರೇ ಆರೋಗ್ಯ. ಇವುಗಳ ಹೊಣೆ ಸರ್ಕಾರದ್ದು, ಕೇಳುವ ಹಕ್ಕು ನಮ್ಮದು. ನಮ್ಮ ಕೈಯಲ್ಲಿರುವುದೂ ಕೆಲವಿದೆ. ಮಗಳಿಗೂ ಮಗನಷ್ಟೇ ಹಾಲು, ಮೊಟ್ಟೆ, ಬೇಳೆ ಬಡಿಸಿ. ನೆಗಡಿ, ಸಣ್ಣಪುಟ್ಟ ಜ್ವರಕ್ಕೆ ಇಂಜೆಕ್ಷನ್ ಕೊಡಿ ಎಂದು ನೀವಾಗಿ ಒತ್ತಾಯಿಸಬೇಡಿ. ಮಗುವಿಗೆ ಯಾವ ಲಸಿಕೆ ಯಾವಾಗ ಎಂಬುದು ನಿಮಗೆ ತಿಳಿದಿದ್ದರೆ, ಮನೆಗೆಲಸಕ್ಕೆ ಬರುವಾಕೆಗೂ ಅದನ್ನು ತಿಳಿಸಿ. ತಿಳಿವಳಿಕೆ ಹಂಚಿದರೆ ಕಡಿಮೆಯಾಗುವುದಿಲ್ಲ. ಕಡಿಮೆಯಾಗುವುದು ಅಂತರ ಮಾತ್ರ.