ಬಾಡದ ದಾಸವಾಳ

ಸಾಗರದ ಮನೆ ಮಾರಿ ಅಮ್ಮ ನಮ್ಮ ಜೊತೆ ಠಾಣೆಗೆ ಬಂದು ಎರಡು ವರ್ಷವಾಯಿತು. ಅಂಗಳದ ಕೆಂಪು ದಾಸವಾಳದ ಗಿಡವನ್ನು ಹೊಸಬರು ಕಡಿಸಿದರೆಂಬ ಸುದ್ದಿ ಬಂದ ದಿನ ಅಮ್ಮ ಹೆಚ್ಚು ಮಾತಾಡಲಿಲ್ಲ. ನನ್ನ ಮೊಬೈಲಿನಲ್ಲಿ ಆ ಗಿಡದ ನಾಲ್ಕು ಫೋಟೊಗಳಿದ್ದವು. ಅವನ್ನು ಹಿಡಿದು, ಆರ್ಡರ್ ಕೊಟ್ಟರೆ ಕಾಗದದ ಹೂ ಮಾಡಿಕೊಡುವ ಮಹಿಳೆಯೊಬ್ಬರ ಬಳಿ ಹೋದೆ.

ಅಂಗಡಿಯ ಪ್ಲಾಸ್ಟಿಕ್ ಹೂವಿಗೂ ಇದಕ್ಕೂ ಇರುವ ವ್ಯತ್ಯಾಸ ಅವರ ಪ್ರಶ್ನೆಗಳಲ್ಲೇ ತಿಳಿಯಿತು. ಹೂ ಬೆಳಗಿನದೋ, ಮುದುಡುವ ಹೊತ್ತಿನದೋ? ಎಲೆಯಲ್ಲಿ ಹುಳು ತಿಂದ ಗುರುತಿತ್ತೇ? ಮೊಗ್ಗು ಎಷ್ಟು? ಫೋಟೊ ಸಾಲದೆಂದು ನಿಜವಾದ ದಾಸವಾಳ ತರಿಸಿ, ಐದೂ ಎಸಳು ಬಿಡಿಸಿ, ಅಂಚಿನ ಗೆರೆ ಎಳೆದು ಅಚ್ಚು ಮಾಡಿಕೊಂಡರು. 18ನೆಯ ಶತಮಾನದ ಇಂಗ್ಲೆಂಡಿನಲ್ಲಿ ಮೇರಿ ಡಿಲೇನಿ ಎಂಬಾಕೆಯೂ ನಿಜವಾದ ಹೂ ಎದುರಿಗಿಟ್ಟುಕೊಂಡೇ ಬಣ್ಣದ ಕಾಗದ ಕತ್ತರಿಸಿ ಅಂಟಿಸುತ್ತಿದ್ದರು. ಶುರುಮಾಡಿದಾಗ ಅವರಿಗೆ 70 ದಾಟಿತ್ತು. ಅವರ 900ಕ್ಕೂ ಹೆಚ್ಚು ಹೂಚಿತ್ರಗಳು ಇಂದು ಬ್ರಿಟಿಷ್ ಮ್ಯೂಸಿಯಂನಲ್ಲಿವೆ.

ಕೆಲಸವೆಲ್ಲ ಕ್ರೇಪ್ ಕಾಗದದ ನೆರಿಗೆಯಲ್ಲಿದೆ. ನೆರಿಗೆಗಳು ಎಸಳಿನ ಬುಡದಿಂದ ತುದಿಗೆ ಹೋಗುವಂತೆ ಕತ್ತರಿಸಬೇಕು. ಆಗಲೇ ಕಾಗದ ಅಡ್ಡಕ್ಕೆ ಹಿಗ್ಗುತ್ತದೆ. ನಡುವೆ ಹೆಬ್ಬೆರಳಿನಿಂದ ಒತ್ತಿ ಎಳೆದರೆ ಬಟ್ಟಲಿನಂತೆ ತಗ್ಗು, ಅಂಚನ್ನು ಎಳೆದರೆ ಅಲೆ. ತಂತಿಗೆ ಕಾಗದ ಸುತ್ತಿ ನಡುವಿನ ದಂಡು ಮಾಡಿ, ತುದಿಗೆ ಐದು ಕೆಂಪು ಚುಕ್ಕಿ ಕೂರಿಸಿದರು. ಪರಾಗಕ್ಕೆ ಹಳದಿ ಬಣ್ಣ ಹಾಕಿದ ರವೆ!

ಬೆಲೆ ಕೇಳಿ "ಒಂದು ಕೊಂಬೆಗೆ ಇಷ್ಟಾ?" ಎನ್ನುವಷ್ಟರಲ್ಲಿ ತಡೆದುಕೊಂಡೆ. ಒಂದು ಸ್ಕ್ರೀನ್ ಬದಲಿಸಲು ಮೂರು ದಿನದ ಎಸ್ಟಿಮೇಟ್ ಕೊಡುವವನು ನಾನು. ಅವರು ಹೂ, ಮೊಗ್ಗು, ಎಲೆ ಸೇರಿ ಐದು ಸಂಜೆ ಕೂತಿದ್ದರು. ಚೌಕಾಸಿ ಮಾಡಲು ಯಾವ ಮುಖ?

ನೀವೂ ಮಾಡಿಸುವುದಾದರೆ, ಸಮಯ ಕೊಡಿ, ಹಲವು ಕೋನದ ಫೋಟೊ ಕೊಡಿ. ನೇರ ಬಿಸಿಲಿಗೆ ಬಣ್ಣ ಮಾಸುತ್ತದೆ, ನೀರು ಬಿದ್ದರೆ ಬಣ್ಣ ಬಿಡುತ್ತದೆ. ಮುಂಬೈ ಕಡೆಯ ಮಳೆಗಾಲದಲ್ಲಿ ಗಾಜಿನ ಪೆಟ್ಟಿಗೆಯೇ ಕ್ಷೇಮ. ಧೂಳಿಗೆ ಮೃದುವಾದ ಬ್ರಷ್ ಸಾಕು.

ಅಮ್ಮ ಕೊಂಬೆಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಹುಳು ತಿಂದ ಎಲೆಯ ಮೇಲೆ ಬೆರಳಾಡಿಸಿದರು.

"ದಾಸವಾಳಕ್ಕೆ ಹ್ಯಾಗೂ ಪರಿಮಳ ಇಲ್ವಲ್ಲ, ಅಷ್ಟರಮಟ್ಟಿಗೆ ಮೋಸ ಇಲ್ಲ" ಎಂದು ನಕ್ಕರು.

"ದೇವರ ಮುಂದೆ ಇಡ್ಲಾ ಅಮ್ಮ?"

"ಬೇಡ ಕಣೋ. ದೇವರಿಗೆ ಅವತ್ತಿನ ಹೂವೇ ಆಗಬೇಕು. ಇದು ನನಗಿರ್ಲಿ."

ಈಗ ಅದು ಅವರ ಮಂಚದ ಪಕ್ಕದಲ್ಲಿದೆ. ಬಾಲ್ಕನಿಯ ಕುಂಡದಲ್ಲಿ ಹೊಸದೊಂದು ದಾಸವಾಳದ ಗಿಡವೂ ಬಂದಿದೆ. ಇನ್ನೂ ಮೊಗ್ಗು ಬಿಟ್ಟಿಲ್ಲ.