‘ಅಥವಾ ತತ್ಸಮಾನ’: ಎರಡು ಬಣ್ಣದ ಡಬ್ಬಗಳನ್ನು ಹೋಲಿಸುವುದು ಹೇಗೆ?

ಮಂಗಳೂರಿನ ಹಳೆಯ ವಸತಿ ಸಮುಚ್ಚಯವೊಂದರ ಹೊರಗೋಡೆಗೆ ಮತ್ತೆ ಬಣ್ಣ ಬಳಿಸುವ ಮಾತು ಬಂತೆನ್ನಿ. ಆರ್ಕಿಟೆಕ್ಟ್ ಒಂದು ಕಂಪನಿಯ ಹೆಸರು ಬರೆದು ಪಕ್ಕದಲ್ಲಿ ‘ಅಥವಾ ತತ್ಸಮಾನ’ ಎಂದು ಸೇರಿಸುತ್ತಾರೆ. ಗುತ್ತಿಗೆದಾರ ಇನ್ನೊಂದು ಕಂಪನಿಯ ಡಬ್ಬ ತೋರಿಸಿ, “ಎರಡೂ ಒಂದೇ ಸಾರ್, ಹೆಸರು ಬೇರೆ ಅಷ್ಟೆ” ಅನ್ನುತ್ತಾನೆ. ಅವನ ಮಾತು ನಿಜವೂ ಇರಬಹುದು. ಆದರೆ ಅದನ್ನು ಒರೆಗೆ ಹಚ್ಚಲು ಬೇಕಾದ ಅಂಕಿಗಳು ಶೇಡ್ ಕಾರ್ಡಿನಲ್ಲಿ ಇರುವುದಿಲ್ಲ, ಜಾಹೀರಾತಿನಲ್ಲೂ ಇರುವುದಿಲ್ಲ. ಅವನ್ನು ಕಂಪನಿಯಿಂದ ಕೇಳಿ ಪಡೆಯಬೇಕು.

ಬಣ್ಣವೆಂದರೆ ಮೂಲತಃ ಅಂಟು ಮತ್ತು ಪುಡಿ. ಅಂಟು ಎಂದರೆ ಅಕ್ರಿಲಿಕ್‌ನಂಥ ರಾಳ. ಪುಡಿಯಲ್ಲಿ ಬಿಳುಪು ಕೊಡುವ ಟೈಟಾನಿಯಂ ಡೈಆಕ್ಸೈಡ್ ಇರುತ್ತದೆ, ಜೊತೆಗೆ ಅಗ್ಗದ ಸುಣ್ಣಕಲ್ಲಿನ ಪುಡಿಯೂ ಇರುತ್ತದೆ. ರಾಳ ದುಬಾರಿ, ಸುಣ್ಣಕಲ್ಲು ಅಗ್ಗ. ಬೆಲೆ ಇಳಿಸಬೇಕಾದ ತಯಾರಕನಿಗೆ ರಾಳ ತಗ್ಗಿಸಿ ಪುಡಿ ಹೆಚ್ಚಿಸುವುದು ಸುಲಭದ ದಾರಿ. ಒಂದು ಮಿತಿಯವರೆಗೆ ಅದರಿಂದ ತೊಂದರೆಯಿಲ್ಲ. ಮಿತಿ ದಾಟಿದರೆ, ಪಾಕ ಸಾಲದೆ ಕಡಲೆಬೀಜ ಹೆಚ್ಚಾದ ಚಿಕ್ಕಿಯಂತಾಗುತ್ತದೆ: ಕಣಗಳ ನಡುವೆ ಸಂದುಗಳು ಉಳಿಯುತ್ತವೆ, ನೀರು ಒಳಗಿಳಿಯುತ್ತದೆ, ಪದರ ಉದುರತೊಡಗುತ್ತದೆ. ಗೋಡೆಗೆ ಒರಗಿ ಎದ್ದಾಗ ಅಂಗಿಗೆ ಹತ್ತುವ ಬಿಳಿ ಹಿಟ್ಟು, ಅಂಟು ಸವೆದು ಬಿಡುಗಡೆಯಾದ ಈ ಪುಡಿಯೇ.

ಅಂಟನ್ನು ಸವೆಸುವುದು ಬಿಸಿಲು. ನೆಲ ತಲುಪುವ ನೇರಳಾತೀತ ಕಿರಣಗಳಲ್ಲಿ 300 ನ್ಯಾನೊಮೀಟರ್ ತರಂಗಾಂತರದವುಗಳ ಶಕ್ತಿ, ಪ್ರತಿ ಮೋಲ್‌ಗೆ ಸುಮಾರು 400 ಕಿಲೋಜೌಲ್. ಕಾರ್ಬನ್ ಕಾರ್ಬನ್ ನಡುವಿನ ಬಂಧ ಮುರಿಯಲು ಸುಮಾರು 350 ಸಾಕು. ಕಾರ್ಬನ್ ಮತ್ತು ಫ್ಲೋರಿನ್ ನಡುವಿನ ಬಂಧಕ್ಕೆ ಸುಮಾರು 485 ಬೇಕು. ಫ್ಲೋರಿನ್ ತುಂಬಿದ ರಾಳವನ್ನು ಬಿಸಿಲು ಸುಲಭವಾಗಿ ಅಲುಗಾಡಿಸದಿರಲು ಇದೊಂದು ಮುಖ್ಯ ಕಾರಣ. ಗಾಜಿನ ಕಟ್ಟಡಗಳ ಅಲ್ಯೂಮಿನಿಯಂ ಚೌಕಟ್ಟುಗಳಿಗೆ ಬಳಿಯುವ ಪಿವಿಡಿಎಫ್ ಲೇಪನ ಈ ಜಾತಿಯದು. ಅದನ್ನು ಕಾರ್ಖಾನೆಯಲ್ಲಿ ಸುಮಾರು 230 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಬೇಯಿಸಿ ಗಟ್ಟಿ ಮಾಡುತ್ತಾರೆ.

ತಯಾರಕರನ್ನು ಹೋಲಿಸುವ ವಿಷಯದಲ್ಲಿ ಈ ಲೇಪನ ಒಳ್ಳೆಯ ಪಾಠ ಕಲಿಸುತ್ತದೆ. ಇದರ ರಾಳ ತಯಾರಿಸುವ ಕಂಪನಿಗಳು ಜಗತ್ತಿನಲ್ಲಿ ಕೆಲವೇ. ಕೈನಾರ್ 500 ಎಂಬ ರಾಳ 1960ರ ದಶಕದಿಂದಲೂ ಬಳಕೆಯಲ್ಲಿದೆ. ಪರಸ್ಪರ ಪೈಪೋಟಿಯ ಬಣ್ಣದ ಕಂಪನಿಗಳು ಅದನ್ನೇ ಕೊಂಡು ಲೇಪನ ತಯಾರಿಸುತ್ತವೆ. ರಾಳದಲ್ಲಿ 70 ಪಾಲು ಪಿವಿಡಿಎಫ್, 30 ಪಾಲು ಅಕ್ರಿಲಿಕ್ ಇರಬೇಕೆಂಬುದು ಪ್ರಚಲಿತ ಕಟ್ಟಳೆ. ಹಾಗಾಗಿ ಬರೀ ‘ಪಿವಿಡಿಎಫ್ ಲೇಪನ’ ಎಂಬ ಮಾತಿಗೆ ಬೆಲೆಯಿಲ್ಲ. ಎಷ್ಟು ಪಾಲು ಎಂದು ಕೇಳಬೇಕು. ಅಮೆರಿಕದ ಎಎಎಂಎ 2605 ಮಾನದಂಡ ಇನ್ನೂ ಮುಂದೆ ಹೋಗುತ್ತದೆ. ಮಾದರಿ ಹಲಗೆಗಳನ್ನು ದಕ್ಷಿಣ ಫ್ಲೋರಿಡಾದಲ್ಲಿ ದಕ್ಷಿಣಕ್ಕೆ ಮುಖ ಮಾಡಿ, 45 ಡಿಗ್ರಿ ಓರೆಯಾಗಿ 10 ವರ್ಷ ಬಿಸಿಲು ಮಳೆಗೆ ಒಡ್ಡಬೇಕು. ಕೊನೆಗೆ ಹೊಳಪಿನಲ್ಲಿ ಅರ್ಧವಾದರೂ ಉಳಿದಿರಬೇಕು. ಅದೇ ಸಂಸ್ಥೆಯ 2604ಕ್ಕೆ 5 ವರ್ಷ, 2603ಕ್ಕೆ ಒಂದೇ ವರ್ಷ. ಮೂರೂ ಲೇಪನಗಳು ಹೊಸದರಲ್ಲಿ ಒಂದೇ ರೀತಿ ಹೊಳೆಯುತ್ತವೆ. ‘ತತ್ಸಮಾನ’ ಎಂಬ ಪದಕ್ಕೆ ಅರ್ಥ ಬರುವುದು ಪಕ್ಕದಲ್ಲಿ ಇಂಥ ಒಂದು ಸಂಖ್ಯೆ ಇದ್ದಾಗ ಮಾತ್ರ.

ಗಾರೆ ಗೋಡೆಯ ಎಮಲ್ಷನ್‌ಗೆ ಬಂದರೆ ನಾನು ಎಲ್ಲಕ್ಕಿಂತ ಮೊದಲು ನೋಡುವುದು ಗಾತ್ರದ ಲೆಕ್ಕದ ಘನಾಂಶ, ಅಂದರೆ ನೀರು ಆರಿದ ಮೇಲೆ ಗೋಡೆಯಲ್ಲಿ ಉಳಿಯುವ ಭಾಗ. ಲೆಕ್ಕಕ್ಕೆಂದು ಎರಡು ಬಣ್ಣ ಇಟ್ಟುಕೊಳ್ಳೋಣ. ಮೊದಲನೆಯದರ ಘನಾಂಶ ಶೇ. 40, ಲೀಟರಿಗೆ 400 ರೂಪಾಯಿ. ಎರಡನೆಯದರದು ಶೇ. 30, ಲೀಟರಿಗೆ 330 ರೂಪಾಯಿ. ಒಣಗಿದ ಪದರ 60 ಮೈಕ್ರಾನ್ ದಪ್ಪ ಇರಬೇಕೆಂದಾದರೆ ಮೊದಲನೆಯದನ್ನು ಒಟ್ಟು 150 ಮೈಕ್ರಾನ್ ಹಸಿ ದಪ್ಪಕ್ಕೆ ಬಳಿಯಬೇಕು, ಎರಡನೆಯದನ್ನು 200ಕ್ಕೆ. ಸಾವಿರ ಚದರ ಮೀಟರ್ ಗೋಡೆಗೆ ಮೊದಲನೆಯದು 150 ಲೀಟರ್, ಎರಡನೆಯದು 200 ಲೀಟರ್. ಖರ್ಚು 60,000 ಮತ್ತು 66,000. ಅಗ್ಗದ ಡಬ್ಬವೇ ತುಟ್ಟಿ! ವಾಸ್ತವದಲ್ಲಿ ಯಾರೂ 200 ಲೀಟರ್ ಬಳಿಯುವುದಿಲ್ಲ. ಎರಡು ಕೋಟ್ ಹೊಡೆದು ಹೋಗುತ್ತಾರೆ, ಗೋಡೆಗೆ ತೆಳು ಪದರವೇ ಗತಿ. ಇಲ್ಲೊಂದು ಎಚ್ಚರಿಕೆ: ತೂಕದ ಲೆಕ್ಕದ ಘನಾಂಶ ಕೊಟ್ಟರೆ ಒಪ್ಪಬೇಡಿ. ಸುಣ್ಣಕಲ್ಲಿನ ಪುಡಿ ರಾಳಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಭಾರ. ಪುಡಿ ಸುರಿದಷ್ಟೂ ಆ ಅಂಕಿ ಏರುತ್ತದೆ.

ಕರಾವಳಿ, ಮಲೆನಾಡುಗಳಲ್ಲಿ ನೀರಿನ ಪ್ರಶ್ನೆ ದೊಡ್ಡದು. ಮಳೆ ಒಳಗೆ ಬರಬಾರದು, ಆದರೆ ಗೋಡೆಯೊಳಗಿನ ತೇವ ಆವಿಯಾಗಿ ಹೊರಗೆ ಹೋಗಬೇಕು. ಆವಿಗೆ ದಾರಿಯಿಲ್ಲದ ದಪ್ಪ ಲೇಪನ ಗುಳ್ಳೆ ಎದ್ದು ಚಕ್ಕೆಯಾಗಿ ಕಳಚುತ್ತದೆ. ತೇವ ಹಿಡಿದಿಡುವ ಮುರಕಲ್ಲಿನ ಗೋಡೆಯಲ್ಲಿ ಈ ಅಪಾಯ ಹೆಚ್ಚು. ಯುರೋಪಿನ ಇಎನ್ 1062 ಮಾನದಂಡ ಎರಡನ್ನೂ ಅಳೆಯುತ್ತದೆ. ನೀರು ಹೀರುವುದರಲ್ಲಿ ಡಬ್ಲ್ಯೂ3 ಎಂದರೆ ಅತಿ ಕಡಿಮೆ. ಆವಿ ಬಿಡುವುದರಲ್ಲಿ ವಿ1 ಎಂದರೆ ಅತಿ ಹೆಚ್ಚು: ಆ ಪದರ ಒಡ್ಡುವ ತಡೆ, 14 ಸೆಂಟಿಮೀಟರ್ ನಿಶ್ಚಲ ಗಾಳಿ ಒಡ್ಡುವ ತಡೆಗಿಂತ ಕಡಿಮೆ. ಒಂದನ್ನಷ್ಟೇ ಹೇಳಿ ಇನ್ನೊಂದನ್ನು ಮರೆಮಾಡುವ ಕಂಪನಿಯನ್ನು ನಾನು ನಂಬುವುದಿಲ್ಲ.

‘ಸಾವಿರ ಗಂಟೆ ಹವಾಮಾನ ಪರೀಕ್ಷೆ’ ಎಂಬ ಮಾತನ್ನೂ ಬಿಡಿಸಿ ನೋಡಬೇಕು. ಪ್ರಯೋಗಾಲಯದ ಯುವಿಎ-340 ದೀಪ ಸೂರ್ಯನ ನೇರಳಾತೀತ ಕಿರಣಗಳಿಗೆ ಹತ್ತಿರ. ಯುವಿಬಿ-313 ದೀಪವೋ, ಭೂಮಿಗೆ ಬಾರದ ಕಿರಣಗಳನ್ನೂ ಸೂಸುತ್ತದೆ. ಬೇರೆ ಬೇರೆ ದೀಪದಡಿಯ ಗಂಟೆಗಳನ್ನು ಹೋಲಿಸಲು ಬರುವುದಿಲ್ಲ.

ಇಷ್ಟಾಗಿಯೂ, ಹೊಸ ಗಾರೆಯ ಕ್ಷಾರ ಇಳಿಯುವ ಮೊದಲೇ ಬಳಿದರೆ ಅಥವಾ ಪ್ರೈಮರ್ ಬಿಟ್ಟರೆ ಯಾವ ಕಂಪನಿಯ ಬಣ್ಣವೂ ನಿಲ್ಲದು. ಆದ್ದರಿಂದ ಹೋಲಿಸಬೇಕಾದದ್ದು ಪ್ರೈಮರಿನಿಂದ ಕೊನೆಯ ಕೋಟ್‌ವರೆಗಿನ ಇಡೀ ಪದ್ಧತಿಯನ್ನು.

ನಿಮ್ಮ ಕಟ್ಟಡದ ಸರದಿ ಬಂದಾಗ ಪಟ್ಟಿಯಲ್ಲಿರುವ ಪ್ರತಿ ಕಂಪನಿಗೂ ಒಂದೇ ಪತ್ರ ಬರೆಯಿರಿ. ರಾಳ ಯಾವುದು, ಗಾತ್ರದ ಘನಾಂಶ ಎಷ್ಟು, ಒಣ ಪದರದ ದಪ್ಪ ಎಷ್ಟು, ನೀರು ಮತ್ತು ಆವಿಯ ದರ್ಜೆ ಯಾವುದು, ಪರೀಕ್ಷೆ ಯಾವ ವಿಧಾನದ್ದು ಎಂದು ಕೇಳಿ. ಬರಹದಲ್ಲಿ ಉತ್ತರಿಸದ ಕಂಪನಿಯ ಹೆಸರನ್ನು, ಅದು ಎಷ್ಟೇ ದೊಡ್ಡದಿರಲಿ, ಪಟ್ಟಿಯಿಂದ ಹೊಡೆದುಹಾಕಿ.